ಬೆಳಿಗ್ಗೆ ಸ್ಮಾರಕ, ಮಧ್ಯಾಹ್ನ ದೇಗುಲ: ಹಿರೋಷಿಮಾದಲ್ಲಿ ಒಂದು ತಂಡದ ಒಂದು ದಿನ

ಈ ಸಂಚಿಕೆಯ ಅಂಕಣವನ್ನು ಒಂದೇ ಪತ್ರಕ್ಕೆ ಮೀಸಲಿಟ್ಟಿದ್ದೇವೆ. ಹದಿನಾರು ಜನರ ತಂಡದೊಂದಿಗೆ ಜಪಾನಿಗೆ ಹೊರಟಿರುವ ಓದುಗರೊಬ್ಬರು ಒಂದರ ಹಿಂದೊಂದರಂತೆ ಆರು ಪ್ರಶ್ನೆಗಳನ್ನು ಕೇಳಿದ್ದಾರೆ.

ಪ್ರಶ್ನೆ: ನಮ್ಮ ತಂಡದಲ್ಲಿ 74 ವರ್ಷದ ಹಿರಿಯರಿಂದ ಹಿಡಿದು 9 ವರ್ಷದ ಹುಡುಗಿಯವರೆಗೆ ಎಲ್ಲ ವಯಸ್ಸಿನವರೂ ಇದ್ದಾರೆ. ಹಿರೋಷಿಮಾದಲ್ಲಿ ನಮಗೆ ಸಿಗುವುದು ಒಂದೇ ದಿನ. ವ್ಯವಸ್ಥಾಪಕರು ಕೊಟ್ಟಿರುವ ಪಟ್ಟಿಯಲ್ಲಿ ಅಣುಬಾಂಬ್ ಗುಮ್ಮಟ, ಶಾಂತಿ ಸ್ಮಾರಕ ಉದ್ಯಾನ, ಅಲ್ಲಿನ ವಸ್ತುಸಂಗ್ರಹಾಲಯ, ಹಿರೋಷಿಮಾ ಕೋಟೆ, ಕೋಟೆಯೊಳಗಿನ ಗೊಕೊಕು ದೇಗುಲ, ಮಿಯಾಜಿಮಾ ದ್ವೀಪದ ಇತ್ಸುಕುಶಿಮಾ ದೇಗುಲ, ಸೆಂಜೊಕಾಕು ಸಭಾಮಂಟಪ, ದೈಶೋಇನ್ ಬೌದ್ಧ ಮಂದಿರ ಮತ್ತು ಮಿಸೆನ್ ಬೆಟ್ಟ, ಹೀಗೆ ಒಂಬತ್ತು ಸ್ಥಳಗಳಿವೆ. ಇಷ್ಟನ್ನೂ ಒಂದು ದಿನದಲ್ಲಿ ನೋಡಲು ಸಾಧ್ಯವೇ?

ಉತ್ತರ: ನೋಡಿದೆವು ಎಂದು ಹೇಳಿಕೊಳ್ಳಲು ಸಾಧ್ಯ. ನಿಂತು ನೋಡುವುದಾದರೆ ನಾಲ್ಕಕ್ಕಿಂತ ಹೆಚ್ಚು ಆಗದು. ಗುಮ್ಮಟವನ್ನೂ ವಸ್ತುಸಂಗ್ರಹಾಲಯವನ್ನೂ ಒಳಗೊಂಡ ಉದ್ಯಾನ, ದ್ವೀಪದ ಇತ್ಸುಕುಶಿಮಾ ದೇಗುಲ, ಅದರ ಪಕ್ಕದ ದಿಬ್ಬದ ಮೇಲಿರುವ ಸೆಂಜೊಕಾಕು, ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ದೈಶೋಇನ್, ಇಷ್ಟನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡಿ. ಮಿಸೆನ್ ಬೆಟ್ಟದ ಎತ್ತರ 535 ಮೀಟರ್. ರೋಪ್‌ವೇ ಇದ್ದರೂ ಅದರ ಕೊನೆಯ ನಿಲ್ದಾಣದಿಂದ ತುದಿಯವರೆಗೆ ಸುಮಾರು ಅರ್ಧ ಗಂಟೆ ಏರಿಳಿತದ ದಾರಿಯನ್ನು ನಡೆಯಬೇಕಾಗುತ್ತದೆ. ನಿಮ್ಮ ತಂಡದ ಹಿರಿಯರನ್ನು ಆ ದಾರಿಗೆ ಹಚ್ಚುವುದು ಬೇಡ.

ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆಗಿಂತ ಕಡಿಮೆ ಸಮಯ ಕೊಡುವ ಯಾವ ಯೋಜನೆಯನ್ನೂ ಒಪ್ಪಬೇಡಿ. 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ನಿಂತುಹೋದ ಕೈಗಡಿಯಾರ, ಒಳಗಿನ ಅನ್ನ ಕರಕಲಾಗಿ ಉಳಿದ ವಿದ್ಯಾರ್ಥಿಯೊಬ್ಬನ ಊಟದ ಡಬ್ಬಿ, ಮೂರು ವರ್ಷದ ಮಗುವಿನ ಮೂರು ಗಾಲಿಯ ಸೈಕಲ್, ಇವು ಅಲ್ಲಿ ಗಾಜಿನ ಹಿಂದೆ ಇವೆ. ಸೈಕಲ್ಲಿನ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ಮಾರ್ಗದರ್ಶಿಯ ಕೈಯಲ್ಲಿರುವ ಬಾವುಟ ತೀರ್ಮಾನಿಸಬಾರದು. ಪ್ರವೇಶ ಶುಲ್ಕ ದೊಡ್ಡವರಿಗೆ ಬರೀ 200 ಯೆನ್. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರುವ ಜಾಗವಾದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಲೇಸು. ಹೊತ್ತೇರಿದ ಮೇಲೆ ಹೋದರೆ ಪ್ರದರ್ಶಿತ ವಸ್ತುಗಳಿಗಿಂತ ಮುಂದಿನವರ ಬೆನ್ನನ್ನೇ ಹೆಚ್ಚು ನೋಡಬೇಕಾಗುತ್ತದೆ.

ಗುಮ್ಮಟದೊಳಗೆ ಪ್ರವೇಶವಿಲ್ಲ, ಬೇಲಿಯ ಹೊರಗಿನಿಂದಲೇ ನೋಡಬೇಕು. ಚೆಕ್ ವಾಸ್ತುಶಿಲ್ಪಿ ಯಾನ್ ಲೆಟ್ಸೆಲ್ ವಿನ್ಯಾಸದಂತೆ 1915ರಲ್ಲಿ ಕಟ್ಟಿದ ಈ ಕಟ್ಟಡವು ಆ ಪ್ರಾಂತದ ಸರಕುಗಳ ಪ್ರದರ್ಶನಕ್ಕೆಂದು ಎದ್ದದ್ದು. ಬಾಂಬ್ ಸಿಡಿದದ್ದು ಸುಮಾರು 600 ಮೀಟರ್ ಎತ್ತರದಲ್ಲಿ, ಇಲ್ಲಿಂದ ಬರೀ 160 ಮೀಟರ್ ಆಚೆಗಿನ ಜಾಗದ ನೆತ್ತಿಯ ಮೇಲೆ. ಆಘಾತವು ಹೆಚ್ಚುಕಡಿಮೆ ನೇರ ಮೇಲಿನಿಂದಲೇ ಬಿದ್ದುದರಿಂದ, ಒಳಗಿದ್ದವರೆಲ್ಲ ಸತ್ತರೂ ಗೋಡೆಯ ಒಂದಷ್ಟು ಭಾಗವೂ ಗುಮ್ಮಟದ ಕಬ್ಬಿಣದ ಹಂದರವೂ ನಿಂತುಕೊಂಡವು.

ಇನ್ನು ದಿನದ ವೇಳಾಪಟ್ಟಿ. ಅದನ್ನು ಬರೆಯುವ ಮೊದಲು ಮಿಯಾಜಿಮಾದ ಉಬ್ಬರ-ಇಳಿತದ ಕೋಷ್ಟಕವನ್ನು ತೆರೆದು ನೋಡಿ, ಏಕೆಂದರೆ ಅಲ್ಲಿ ಗಡಿಯಾರಕ್ಕಿಂತ ಸಮುದ್ರದ ಮಾತು ಹೆಚ್ಚು ನಡೆಯುತ್ತದೆ. ನೀರಿನ ಮಟ್ಟ 250 ಸೆಂಟಿಮೀಟರ್ ದಾಟಿದಾಗ ಮಾತ್ರ ದೇಗುಲ ತೇಲುತ್ತಿರುವಂತೆ ಕಾಣುತ್ತದೆ. 100 ಸೆಂಟಿಮೀಟರಿಗಿಂತ ಕೆಳಗಿಳಿದಾಗ, ಕಡಲಲ್ಲಿ ನಿಂತ ದೇಗುಲದ ಹೆಬ್ಬಾಗಿಲಾದ ಮಹಾತೋರಣದ ಬುಡದವರೆಗೆ ಮರಳಿನ ಮೇಲೆ ನಡೆದುಹೋಗಬಹುದು. ಉಬ್ಬರಕ್ಕೂ ಇಳಿತಕ್ಕೂ ಸುಮಾರು ಆರು ಗಂಟೆಗಳ ಅಂತರವಿರುತ್ತದೆ. ಮಧ್ಯಾಹ್ನದ ನಂತರ ಉಬ್ಬರವಿರುವ ದಿನವಾದರೆ ನಿಮ್ಮ ಅದೃಷ್ಟ.

ಉದ್ಯಾನದಿಂದ ದ್ವೀಪಕ್ಕೆ ಮೂರು ದಾರಿಗಳಿವೆ. ಗುಮ್ಮಟದ ಎದುರಿನ ನಿಲ್ದಾಣದಿಂದ ಟ್ರಾಮ್ ಹಿಡಿದರೆ ದ್ವೀಪದ ಎದುರು ದಡದ ಮಿಯಾಜಿಮಾಗುಚಿ ತಲುಪಲು ಒಂದು ಗಂಟೆಯಷ್ಟು ಬೇಕು. ಹಿರೋಷಿಮಾ ನಿಲ್ದಾಣದಿಂದ ರೈಲಿನಲ್ಲಾದರೆ ಅರ್ಧ ಗಂಟೆ. ಎರಡೂ ದಾರಿಗಳಲ್ಲಿ ಕೊನೆಗೆ ಹತ್ತು ನಿಮಿಷದ ದೋಣಿಯಿದೆ. ಮೂರನೆಯದು ಉದ್ಯಾನದ ಪಕ್ಕದ ನದಿಯಿಂದಲೇ ಹೊರಟು ಸುಮಾರು 45 ನಿಮಿಷಗಳಲ್ಲಿ ನೇರವಾಗಿ ದ್ವೀಪಕ್ಕೆ ಮುಟ್ಟಿಸುವ ದೋಣಿ. ನೀರು ಏರಿದಾಗ ಸೇತುವೆಗಳ ಕೆಳಗೆ ನುಸುಳಲಾಗದೆ ಅದು ಒಮ್ಮೊಮ್ಮೆ ರದ್ದಾಗುವುದುಂಟು. ಆದರೂ ವಸ್ತುಸಂಗ್ರಹಾಲಯದಿಂದ ಹೊರಬಂದವರಿಗೆ ಮಾತು ಬೇಡವಾಗಿರುತ್ತದೆ; ನೀರಿನ ಮೇಲಿನ ಆ ಮುಕ್ಕಾಲು ಗಂಟೆಗಿಂತ ಹಿತವಾದ ಬಿಡುವನ್ನು ಯಾವ ಹೋಟೆಲೂ ಕೊಡಲಾರದು ಎಂಬುದು ನನ್ನ ಅನಿಸಿಕೆ.

ಪ್ರಶ್ನೆ: ನಮ್ಮ ಹಿರಿಯರು ಒಂದು ಆಕ್ಷೇಪ ಎತ್ತಿದ್ದಾರೆ. ಅಷ್ಟು ಸಾವುಗಳು ಸಂಭವಿಸಿದ ಜಾಗದಿಂದ ಹೊರಟು ಅದೇ ಮೈಯಲ್ಲಿ ದೇವಸ್ಥಾನಕ್ಕೆ ಹೋಗಬಾರದು, ಮೊದಲು ದ್ವೀಪಕ್ಕೆ ಹೋಗಿ ಆಮೇಲೆ ಸ್ಮಾರಕಕ್ಕೆ ಬರೋಣ ಎನ್ನುತ್ತಾರೆ. ಕಿರಿಯರು ಇದನ್ನು ಕೇಳಿ ನಗುತ್ತಿದ್ದಾರೆ. ಜಪಾನಿನವರು ಇದನ್ನು ಹೇಗೆ ನೋಡುತ್ತಾರೆ?

ಉತ್ತರ: ನಗುವವರಿಗೆ ಹೇಳಿ: ನಿಮ್ಮ ಹಿರಿಯರು ತಮಗರಿವಿಲ್ಲದೆಯೇ ಜಪಾನಿನ ಸ್ವಂತ ಧರ್ಮವಾದ ಶಿಂಟೊ ಸಂಪ್ರದಾಯದ ನಡುಮಧ್ಯದಲ್ಲಿರುವ ಪ್ರಶ್ನೆಯನ್ನೇ ಕೇಳಿದ್ದಾರೆ. ನಾವು ಸೂತಕ, ಮೈಲಿಗೆ ಎನ್ನುವುದಕ್ಕೆ ತೀರಾ ಸಮೀಪದ 'ಕೆಗಾರೆ' ಎಂಬ ಮಾತು ಅಲ್ಲಿದೆ. ಮನೆಯಲ್ಲಿ ಸಾವಾದರೆ ಹತ್ತಿರದ ಸಂಬಂಧಿಕರು ಸಾಮಾನ್ಯವಾಗಿ 50 ದಿನಗಳವರೆಗೆ ಜಿಂಜಾದ, ಅಂದರೆ ಶಿಂಟೊ ದೇಗುಲದ, ತೋರಣವನ್ನು ದಾಟುವುದಿಲ್ಲ. ಜಪಾನಿನಲ್ಲಿ ಉತ್ತರಕ್ರಿಯೆಗಳು ಬಹುಪಾಲು ಬೌದ್ಧ ಭಿಕ್ಷುಗಳ ಪಾಲಿಗೂ ಮದುವೆ, ಮಗುವಿನ ಮೊದಲ ದರ್ಶನದಂಥ ಶುಭಕಾರ್ಯಗಳು ಜಿಂಜಾದ ಪಾಲಿಗೂ ಹಂಚಿಕೆಯಾಗಿರುವುದರ ಹಿಂದೆ ಈ ಎಣಿಕೆಯೂ ಇದೆ.

ಮಿಯಾಜಿಮಾದಲ್ಲಿ ಈ ನಿಯಮ ಇನ್ನಷ್ಟು ಬಿಗಿ. ಇಡೀ ದ್ವೀಪವೇ ದೈವದ ಶರೀರವೆಂಬ ನಂಬಿಕೆಯಿಂದ, ಅದರ ನೆಲವನ್ನು ಅಗೆಯದೆ, ನೆಲವೂ ಅಲ್ಲದ ಕಡಲೂ ಅಲ್ಲದ ಉಬ್ಬರ-ಇಳಿತದ ಅಂಚಿನಲ್ಲಿ ದೇಗುಲವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದರು. 593ರಲ್ಲಿ ಸ್ಥಾಪನೆಯಾಯಿತೆಂಬುದು ಐತಿಹ್ಯ. ಈಗಿನ ವಿನ್ಯಾಸ 1168ರ ಸುಮಾರಿಗೆ ತೈರಾ ವಂಶದ ಕಿಯೊಮೊರಿ ಮಾಡಿಸಿದ್ದು. ಈ ದ್ವೀಪದಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂಬ ಕಟ್ಟಳೆಯಿತ್ತು. ದಿನ ತುಂಬಿದ ಬಸುರಿಯರನ್ನೂ ಸಾವಿನಂಚಿನಲ್ಲಿದ್ದವರನ್ನೂ ದೋಣಿಯಲ್ಲಿ ಆಚೆಯ ದಡಕ್ಕೆ ದಾಟಿಸುತ್ತಿದ್ದರು. ಇಂದಿಗೂ ದ್ವೀಪದಲ್ಲಿ ಸ್ಮಶಾನವಿಲ್ಲ. 1555ರಲ್ಲಿ ಮೋರಿ ಮೊತೊನಾರಿ ಎಂಬ ಪಾಳೆಯಗಾರ ಇದೇ ದ್ವೀಪದಲ್ಲಿ ಸುಎ ಹಾರುಕಾತಾನ ಸೈನ್ಯವನ್ನು ಸೋಲಿಸಿದಾಗ, ಗೆದ್ದವನು ಮಾಡಿಸಿದ ಮೊದಲ ಕೆಲಸಗಳಲ್ಲಿ ಹೆಣಗಳನ್ನು ಆಚೆಯ ದಡಕ್ಕೆ ಸಾಗಿಸುವುದು, ರಕ್ತ ಬಿದ್ದ ಮಣ್ಣನ್ನು ತೆಗೆಸುವುದು, ದೇಗುಲವನ್ನು ತೊಳೆಸುವುದು ಸೇರಿದ್ದವು ಎಂದು ಹೇಳುತ್ತಾರೆ.

ಇಷ್ಟಾದರೂ ನಿಮ್ಮ ತಂಡಕ್ಕೆ ಯಾವ ಅಡ್ಡಿಯೂ ಇಲ್ಲ. ಕೆಗಾರೆ ಅಂಟುವುದು ತಮ್ಮವರನ್ನು ಕಳೆದುಕೊಂಡ ಮನೆಯವರಿಗೆ, ಶವದ ಬಳಿ ಇದ್ದವರಿಗೆ. ಸ್ಮಾರಕದ ಮುಂದೆ ತಲೆಬಾಗಿ ಬಂದವರಿಗಲ್ಲ. ಜಪಾನಿನ ಶಾಲೆಗಳೇ ಮಕ್ಕಳನ್ನು ಪ್ರವಾಸಕ್ಕೆ ಕರೆತಂದಾಗ ಉದ್ಯಾನವನ್ನೂ ದ್ವೀಪವನ್ನೂ ಒಟ್ಟಿಗೆ ತೋರಿಸುತ್ತವೆ. ದೇಗುಲದ ಬಾಗಿಲಲ್ಲಿ ಕೈ ಬಾಯಿ ತೊಳೆಯುವ ನೀರು ಇರುವುದೇ ಹೊರಗಿನದನ್ನು ಹೊರಗೇ ಬಿಟ್ಟು ಬರಲೆಂದು. ತಂಡದಲ್ಲಿ ಯಾರಿಗಾದರೂ ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದು, ಒಳಗೆ ಹೋಗಲು ಅವರ ಮನಸ್ಸೇ ಒಪ್ಪದಿದ್ದರೆ, ದಡದಲ್ಲಿ ಕುಳಿತು ತೋರಣವನ್ನು ನೋಡುತ್ತಿರಬಹುದು. ಅಲ್ಲಿ ಯಾರೂ ಕಾರಣ ಕೇಳುವುದಿಲ್ಲ.

ಅಂತೂ ಯಾವುದು ಮೊದಲು? ಉಬ್ಬರ ಬೆಳಿಗ್ಗೆಯೇ ಇದ್ದರೆ ಹಿರಿಯರ ಮಾತು ತಾನಾಗಿಯೇ ಗೆಲ್ಲುತ್ತದೆ. ಇಲ್ಲದಿದ್ದರೆ ಸ್ಮಾರಕ ಮೊದಲಾಗಲಿ ಎಂದೇ ನನ್ನ ಸಲಹೆ. ದ್ವೀಪದಲ್ಲಿ ಜಿಂಕೆಗಳನ್ನು ನೋಡಿ, ಅಂಗಡಿಬೀದಿಯಲ್ಲಿ ಅಲೆದು, ದಣಿದ ಕಾಲುಗಳನ್ನು ಎಳೆದುಕೊಂಡು ಸಂಜೆ ಆ ವಸ್ತುಸಂಗ್ರಹಾಲಯಕ್ಕೆ ಬರುವವರು ಅದನ್ನು ಮುಗಿಸಬೇಕಾದ ಕೆಲಸದಂತೆ ನೋಡುತ್ತಾರೆ.

ಹಿರಿಯರಿಗೆ ಇನ್ನೆರಡು ಸಂಗತಿಗಳನ್ನು ತಿಳಿಸಿ. ಸಾವಿಗೆ ಜಾಗವಿಲ್ಲದ ಆ ದ್ವೀಪದಲ್ಲಿಯೂ ಸತ್ತವರಿಗೊಂದು ಸ್ಮಾರಕವಿದೆ. ಯುದ್ಧಗಳಲ್ಲಿ ಮಡಿದವರಿಗಾಗಿ ಬೌದ್ಧ ಸೂತ್ರಗಳನ್ನು ಪಠಿಸಲೆಂದು ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೊಶಿ 1587ರಲ್ಲಿ ಕಟ್ಟಲು ಆಜ್ಞೆ ಮಾಡಿದ ಸಭಾಮಂಟಪವೇ ಸೆಂಜೊಕಾಕು. 1598ರಲ್ಲಿ ಅವನು ತೀರಿಕೊಂಡಾಗ ಕೆಲಸ ನಿಂತಿತು. ಒಳಮಾಳಿಗೆಯಿಲ್ಲದೆ, ಬಣ್ಣವಿಲ್ಲದೆ, ಬೋಳು ಮರದ ಆ ಅಪೂರ್ಣ ಕಟ್ಟಡ ಹಾಗೆಯೇ ಉಳಿದಿದೆ. ಈಗ ಅದು ಹಿದೆಯೊಶಿಯನ್ನೇ ದೈವವಾಗಿ ಇರಿಸಿಕೊಂಡ ಜಿಂಜಾ. ಎರಡನೆಯದು ಬೆಂಕಿಯ ವಿಚಾರ. ಮಿಸೆನ್ ಬೆಟ್ಟದ ಮೇಲಿನ ಸಣ್ಣ ಗುಡಿಯೊಂದರಲ್ಲಿ, ಕೂಕಾಯ್ ಎಂಬ ಬೌದ್ಧ ಗುರು 806ರಲ್ಲಿ ಹೊತ್ತಿಸಿದನೆನ್ನಲಾದ ಬೆಂಕಿಯನ್ನು ಆರದಂತೆ ಕಾಯ್ದುಕೊಂಡು ಬಂದಿದ್ದಾರೆ. ಸ್ಮಾರಕ ಉದ್ಯಾನದಲ್ಲಿ 1964ರ ಆಗಸ್ಟ್ 1ರಿಂದ ಉರಿಯುತ್ತಿರುವ ಶಾಂತಿಜ್ಯೋತಿಯನ್ನು ಹೊತ್ತಿಸಲು ಆ ಬೆಂಕಿಯಿಂದಲೂ ಕಿಡಿ ತರಲಾಗಿತ್ತೆಂದು ದ್ವೀಪದವರು ಹೇಳುತ್ತಾರೆ. ಹಾಗಿದ್ದರೆ ಮೊದಲು ದ್ವೀಪದಿಂದ ಸ್ಮಾರಕಕ್ಕೆ ಹೋದದ್ದು ಬೆಂಕಿಯೇ ಆಯಿತು.

ಪ್ರಶ್ನೆ: ಉದ್ಯಾನದ ಸ್ಮಾರಕಶಿಲೆಯ ಮೇಲಿನ ಬರಹದ ಬಗ್ಗೆ ವಿವಾದವಿತ್ತೆಂದು ಕೇಳಿದ್ದೇವೆ. ಅದರ ಅರ್ಥವೇನು?

ಉತ್ತರ: ವಾಸ್ತುಶಿಲ್ಪಿ ಕೆನ್‌ಜೊ ತಾಂಗೆ ರೂಪಿಸಿದ ಕಮಾನಿನಾಕಾರದ ಆ ಸ್ಮಾರಕ 1952ರದು. ಕಮಾನಿನ ಕೆಳಗಿನ ಕಲ್ಲಿನ ಪೆಟ್ಟಿಗೆಯಲ್ಲಿ ಬಾಂಬಿಗೆ ಬಲಿಯಾದವರ ಹೆಸರುಗಳ ದಾಖಲೆ ಪುಸ್ತಕಗಳಿವೆ. 1945ರ ಕೊನೆಯೊಳಗೆ ಸತ್ತವರು ಸುಮಾರು 1,40,000 ಎಂಬುದು ನಗರದ ಅಂದಾಜು. ಆ ಬಳಿಕ ತೀರಿಕೊಂಡ ಬಾಧಿತರ ಹೆಸರುಗಳನ್ನು ಪ್ರತಿ ಆಗಸ್ಟ್ 6ರಂದು ಸೇರಿಸುತ್ತ ಬಂದು, ಈಗ ಪಟ್ಟಿ 3,40,000 ದಾಟಿದೆ.

ಕಲ್ಲಿನ ಮೇಲಿರುವ ಜಪಾನಿ ಸಾಲನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: 'ನೆಮ್ಮದಿಯಿಂದ ನಿದ್ರಿಸಿ, ತಪ್ಪನ್ನು ಮತ್ತೆ ಮಾಡುವುದಿಲ್ಲ.' ಮಾಡುವುದಿಲ್ಲ ಎನ್ನುತ್ತಿರುವವರು ಯಾರು? ಜಪಾನಿ ವಾಕ್ಯದಲ್ಲಿ ಕರ್ತೃಪದವೇ ಇಲ್ಲ. ನಾವೋ, ಅವರೋ, ಬಾಂಬ್ ಹಾಕಿದವರೋ, ಯುದ್ಧ ಹೂಡಿದವರೋ ಎಂಬುದನ್ನು ವ್ಯಾಕರಣ ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿಗೆ ತರುವಾಗ 'ನಾವು' ಎಂದು ಸೇರಿಸದೆ ವಿಧಿಯಿರಲಿಲ್ಲ. ನಮ್ಮ ಭಾಷೆಯ ಅನುಕೂಲ ನೋಡಿ: 'ಮಾಡುತ್ತೇವೆ' ಎಂದರೆ ಮಾಡುವವರು ಯಾರೆಂದು ಕ್ರಿಯಾಪದವೇ ಹೇಳಿಬಿಡುತ್ತದೆ, 'ಮಾಡುವುದಿಲ್ಲ' ಎಂದರೆ ಹೇಳುವುದಿಲ್ಲ. ಆದ್ದರಿಂದ ಈ ಸಾಲಿನ ಮೌನವನ್ನು ಕನ್ನಡಿಗರು ಟಿಪ್ಪಣಿಯ ನೆರವಿಲ್ಲದೆ ಕೇಳಿಸಿಕೊಳ್ಳಬಹುದು.

ವಿವಾದ ಎಬ್ಬಿಸಿದವರು ಟೋಕಿಯೊ ಯುದ್ಧಾಪರಾಧ ವಿಚಾರಣೆಯಲ್ಲಿ ಆರೋಪಿಗಳೆಲ್ಲರೂ ನಿರ್ದೋಷಿಗಳೆಂದು ಭಿನ್ನ ತೀರ್ಪು ಬರೆದ ಭಾರತೀಯ ನ್ಯಾಯಾಧೀಶ ರಾಧಾಬಿನೋದ್ ಪಾಲ್. 1952ರ ನವೆಂಬರಿನಲ್ಲಿ ಇಲ್ಲಿಗೆ ಬಂದಿದ್ದ ಅವರು, ಬಾಂಬ್ ಹಾಕಿದವರು ಜಪಾನೀಯರಲ್ಲವಾದ್ದರಿಂದ ಜಪಾನೀಯರು ತಪ್ಪೊಪ್ಪಿಕೊಂಡಂತಿರುವ ಈ ಮಾತು ಸರಿಯಲ್ಲವೆಂದು ಆಕ್ಷೇಪಿಸಿದರು. ಸಾಲನ್ನು ಬರೆದ ಹಿರೋಷಿಮಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತದಾಯೋಶಿ ಸೈಕಾ ತಾವೇ ಬಾಂಬಿಗೆ ಸಿಕ್ಕಿ ಉಳಿದವರು. ಅಲ್ಲಿ ನಿಂತು ಪ್ರಾರ್ಥಿಸುವ ಮನುಷ್ಯಕುಲವೆಲ್ಲ ಈ ವಾಕ್ಯದ ಕರ್ತೃ ಎಂಬುದು ಅವರ ಉತ್ತರ. ನಗರದ ನಿಲುವೂ ಅದೇ. ಪಾಲ್ ಅವರ ಆಕ್ಷೇಪದಲ್ಲಿ ನ್ಯಾಯಾಲಯದ ತರ್ಕವಿದೆ, ಸೈಕಾ ಅವರ ಉತ್ತರದಲ್ಲಿ ಬದುಕಿ ಉಳಿದವನ ಅನುಭವವಿದೆ. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆಯಾಗುತ್ತದೆ.

ಒಂದು ಸಣ್ಣ ವಿನಂತಿ. ಸ್ಮಾರಕದ ಎದುರು ನಿಂತರೆ ಕಮಾನಿನೊಳಗೆ ಜ್ಯೋತಿಯೂ ಅದರಾಚೆ ಗುಮ್ಮಟವೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಆ ನೋಟಕ್ಕಾಗಿ ಜನ ಸಾಲಾಗಿ ಕಾಯುತ್ತಿರುತ್ತಾರೆ. ಹದಿನಾರು ಜನ ಒಟ್ಟಿಗೆ ನಿಂತು ಗುಂಪುಚಿತ್ರ ತೆಗೆಸಿಕೊಳ್ಳುವ ಜಾಗ ಅದಲ್ಲ. ನಾಲ್ಕು ನಾಲ್ಕು ಜನರಾಗಿ ಹೋಗಿ, ತಲೆಬಾಗಿ, ಪಕ್ಕಕ್ಕೆ ಸರಿಯಿರಿ.

ಪ್ರಶ್ನೆ: ಕೋಟೆಯೊಳಗಿನ ಗೊಕೊಕು ದೇಗುಲವನ್ನು ಬಿಡಬಹುದೇ?

ಉತ್ತರ: ಸಮಯದ ದೃಷ್ಟಿಯಿಂದ ಬಿಡಬಹುದು. ಆದರೆ ಸ್ಮಾರಕಕ್ಕೂ ದೇಗುಲಕ್ಕೂ ನಡುವಿನ ಗೆರೆ ಅಳಿಸಿಹೋಗುವುದು ಇಂಥ ಕಡೆಗಳಲ್ಲಿಯೇ. ಯುದ್ಧದಲ್ಲಿ ಮಡಿದವರನ್ನು ದೈವಗಳನ್ನಾಗಿ ಪ್ರತಿಷ್ಠಾಪಿಸುವ ಜಿಂಜಾಗಳಿಗೆ ಗೊಕೊಕು ಎನ್ನುತ್ತಾರೆ. 1868ರಲ್ಲಿ ಸ್ಥಾಪನೆಯಾದ ಇಲ್ಲಿನ ದೇಗುಲ ಬಾಂಬಿನಿಂದ ನಾಶವಾಗಿ, 1956ರಲ್ಲಿ ಕೋಟೆಯ ಆವರಣದಲ್ಲಿ ಮತ್ತೆ ಎದ್ದಿತು. ಅಂದು ಯುದ್ಧಕಾಲದ ಕೆಲಸಕ್ಕೆ ಹಚ್ಚಲ್ಪಟ್ಟು ಬಾಂಬಿಗೆ ಬಲಿಯಾದ ಶಾಲಾಮಕ್ಕಳೂ ಇಲ್ಲಿನ ದೈವಗಳಲ್ಲಿ ಸೇರಿದ್ದಾರೆ. ಟೋಕಿಯೊದ ಯಾಸುಕುನಿ ಜಿಂಜಾದಲ್ಲಿ, ಶಿಕ್ಷೆಗೊಳಗಾದ ಯುದ್ಧಾಪರಾಧಿಗಳನ್ನೂ 1978ರಲ್ಲಿ ಹೀಗೆಯೇ ಸೇರಿಸಿದ್ದರಿಂದ ಎದ್ದ ಜಗಳ ಇನ್ನೂ ಮುಗಿದಿಲ್ಲ. ಇದನ್ನೆಲ್ಲ ಅರ್ಧ ಗಂಟೆಯ ಭೇಟಿಯಲ್ಲಿ ತಂಡಕ್ಕೆ ವಿವರಿಸಲು ಆಗುವುದಿಲ್ಲ. ಮತ್ತೊಂದು ದಿನ ಸಿಕ್ಕರೆ ಹೋಗಿ.

ಪ್ರಶ್ನೆ: ದೇಗುಲದಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು? ಅಲ್ಲಿರುವ ದೇವರು ಯಾರು?

ಉತ್ತರ: ತೋರಣದ ಮುಂದೆ ಒಮ್ಮೆ ತಲೆಬಾಗಿ ಒಳಗೆ ಹೋಗಿ. ನೀರಿನ ತೊಟ್ಟಿಯ ಬಳಿ ಸೌಟನ್ನು ಬಲಗೈಯಲ್ಲಿ ಹಿಡಿದು ಎಡಗೈ, ಆಮೇಲೆ ಬಲಗೈ ತೊಳೆದು, ಎಡ ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಬೇಕು. ಸೌಟಿಗೆ ಬಾಯಿ ತಾಗಿಸಬಾರದು. ದೈವದ ಮುಂದೆ ಕಾಣಿಕೆ ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಪ್ರಾರ್ಥಿಸಿ, ಕೊನೆಗೊಮ್ಮೆ ಬಾಗುವುದು ಕ್ರಮ. ಕಾಣಿಕೆಗೆ ಬಹಳ ಜನ 5 ಯೆನ್ ನಾಣ್ಯವನ್ನು ಹುಡುಕುತ್ತಾರೆ, ಏಕೆಂದರೆ ಐದು ಯೆನ್ ಎಂಬರ್ಥದ 'ಗೋಎನ್' ಎಂಬ ಉಚ್ಚಾರಕ್ಕೆ ನಂಟು, ಋಣಾನುಬಂಧ ಎಂಬ ಅರ್ಥವೂ ಇದೆ. ದೈಶೋಇನ್ ಬೌದ್ಧ ಮಂದಿರವಾದ್ದರಿಂದ ಅಲ್ಲಿ ಚಪ್ಪಾಳೆ ಸಲ್ಲದು, ಕೈಮುಗಿದರೆ ಸಾಕು. ಸ್ಮಾರಕ ಉದ್ಯಾನದಲ್ಲಿಯೂ ಹಾಗೆಯೇ.

ಇತ್ಸುಕುಶಿಮಾದಲ್ಲಿರುವುದು ಕಡಲಪಯಣವನ್ನು ಕಾಯುವ ಮೂವರು ಸೋದರಿ ದೇವಿಯರು. ಅವರಲ್ಲೊಬ್ಬಳಾದ ಇಚಿಕಿಶಿಮಾಹಿಮೆಯನ್ನು ಹಿಂದೆ ಬೆಂಜೈತೆನ್ ದೇವಿಯೊಂದಿಗೆ ಒಂದಾಗಿ ಕಾಣುತ್ತಿದ್ದರು. ಬೆಂಜೈತೆನ್ ಬೇರಾರೂ ಅಲ್ಲ, ಬೌದ್ಧ ಧರ್ಮದ ಜೊತೆ ಚೀನಾದ ದಾರಿಯಾಗಿ ಜಪಾನ್ ತಲುಪಿದ ಸರಸ್ವತಿ. ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ಜಪಾನಿ ತಂತಿವಾದ್ಯ ಇದೆ. 1868ರಲ್ಲಿ ಹೊಸ ಮೇಜಿ ಸರ್ಕಾರ ಶಿಂಟೊ ಮತ್ತು ಬೌದ್ಧ ಆರಾಧನೆಗಳನ್ನು ಬೇರ್ಪಡಿಸಲು ಆಜ್ಞೆ ಹೊರಡಿಸಿದ ಮೇಲೆ ಅವಳ ಮೂರ್ತಿ ಪಕ್ಕದ ದೈಗಾಂಜಿ ಮಂದಿರಕ್ಕೆ ಹೋಯಿತು. ದೇಗುಲದಿಂದ ಹೊರಬಂದರೆ ಎದುರಿಗೇ ಇದೆ. ಐದು ನಿಮಿಷ ಅಲ್ಲಿ ನಿಲ್ಲಿ.

ದೇಗುಲಕ್ಕೆ 300 ಯೆನ್ ಶುಲ್ಕವಿದೆ. 2023ರ ಅಕ್ಟೋಬರಿನಿಂದ ದ್ವೀಪಕ್ಕೆ ಬರುವವರು ತಲಾ 100 ಯೆನ್ ತೆರಿಗೆಯನ್ನೂ ಕೊಡಬೇಕು. ಕಡಲಲ್ಲಿ ನಿಂತ ಮಹಾತೋರಣ 1875ರದು, ಎತ್ತರ ಸುಮಾರು 16 ಮೀಟರ್. ಅದರ ಕಂಬಗಳನ್ನು ನೆಲದಲ್ಲಿ ಹೂತಿಲ್ಲ. ಮೇಲಿನ ಪೊಳ್ಳು ತೊಲೆಯಲ್ಲಿ ತುಂಬಿಸಿದ ಕಲ್ಲುಗಳ ಭಾರವೂ ಸೇರಿ, ಸುಮಾರು 60 ಟನ್ನಿನ ತನ್ನ ತೂಕದಿಂದಲೇ ಅದು ನಿಂತಿದೆ. ಇಳಿತದ ಹೊತ್ತಿನಲ್ಲಿ ಹತ್ತಿರ ಹೋದವರು ಮರದ ಬಿರುಕುಗಳಲ್ಲಿ ನಾಣ್ಯ ಸಿಕ್ಕಿಸುವ ಕೆಟ್ಟ ರೂಢಿಯೊಂದಿದೆ. ಅದರಿಂದ ಮರ ಹಾಳಾಗುತ್ತದೆ. ಭಕ್ತಿಯಿಂದ ಮಾಡಿದರೂ ಹಾನಿ ಹಾನಿಯೇ.

ಪ್ರಶ್ನೆ: ಒಂಬತ್ತು ವರ್ಷದ ಹುಡುಗಿಯನ್ನು ವಸ್ತುಸಂಗ್ರಹಾಲಯದೊಳಗೆ ಕರೆದೊಯ್ಯಬಹುದೇ? ಅವಳು ಕಾಗದದ ಕೊಕ್ಕರೆಗಳನ್ನು ಮಡಚಿಟ್ಟುಕೊಂಡಿದ್ದಾಳೆ. ಅವನ್ನು ಅಲ್ಲಿ ಅರ್ಪಿಸಲು ಸಾಧ್ಯವೇ?

ಉತ್ತರ: ಅವಳ ವಯಸ್ಸಿನ ಜಪಾನಿ ಮಕ್ಕಳು ಒಳಗೆ ಹೋಗುತ್ತಾರೆ, ಆದರೆ ಸಿದ್ಧತೆಯೊಂದಿಗೆ. ಸುಟ್ಟ ಮೈಗಳ ಚಿತ್ರಗಳಿವೆ, ಮಕ್ಕಳ ಹರಿದ ಬಟ್ಟೆಗಳಿವೆ. ತಾಯಿತಂದೆಯರಲ್ಲಿ ಒಬ್ಬರು ಮೊದಲು ಹೋಗಿ ನೋಡಿಬಂದು ತೀರ್ಮಾನಿಸಲಿ. ಇನ್ನೊಬ್ಬರು ಅವಳೊಡನೆ ಹೊರಗೆ, ಮಕ್ಕಳ ಶಾಂತಿ ಸ್ಮಾರಕದ ಬಳಿ ಇರಲಿ. ಆ ಸ್ಮಾರಕದ ಕಥೆ ಅವಳಿಗೆ ತಾನಾಗಿಯೇ ಅರ್ಥವಾಗುವಂಥದು. ಬಾಂಬ್ ಬಿದ್ದಾಗ ಎರಡು ವರ್ಷದವಳಾಗಿದ್ದ ಸದಾಕೊ ಸಸಾಕಿ, 1955ರ ಅಕ್ಟೋಬರ್ 25ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವಳಿಗೆ 12 ವರ್ಷ. ಸಾವಿರ ಕೊಕ್ಕರೆ ಮಡಚಿದರೆ ಬಯಕೆ ಈಡೇರುತ್ತದೆಂದು ನಂಬಿ ಆಸ್ಪತ್ರೆಯಲ್ಲಿ ಮಡಚುತ್ತಿದ್ದಳು. ಸಾವಿರ ಮುಗಿಸುವ ಮೊದಲೇ ತೀರಿಕೊಂಡಳೆಂದು ಬಹಳ ಕಡೆ ಬರೆದಿರುತ್ತಾರೆ. ಮನೆಯವರು ಹೇಳುವಂತೆ ಸಾವಿರ ದಾಟಿತ್ತು. ನನಗೆ ಈ ಎರಡನೆಯದೇ ಹೆಚ್ಚು ನೋವಿನದೆಂದು ತೋರುತ್ತದೆ. ಅವಳ ಸಹಪಾಠಿಗಳು ದೇಣಿಗೆ ಎತ್ತಲು ತೊಡಗಿ, 1958ರ ಮೇ 5ರ ಮಕ್ಕಳ ದಿನದಂದು ಸ್ಮಾರಕ ಅನಾವರಣಗೊಂಡಿತು.

ಕೊಕ್ಕರೆಗಳನ್ನು ಯಾರು ಬೇಕಾದರೂ ಅರ್ಪಿಸಬಹುದು. ಸ್ಮಾರಕದ ಸುತ್ತ ಅದಕ್ಕೆಂದೇ ಗಾಜಿನ ಗೂಡುಗಳಿವೆ. ಬಿಡಿಬಿಡಿಯಾಗಿ ಒಯ್ಯದೆ ದಾರದಲ್ಲಿ ಪೋಣಿಸಿಕೊಂಡು ಹೋಗಲಿ, ಮಳೆಗೆ ನೆನೆಯದಂತೆ ಚೀಲವೊಂದಿರಲಿ. ಸಾವಿರವೇ ಆಗಬೇಕೆಂದಿಲ್ಲ.